ಮೂವರ ತೊಗಲು

ಸಿಂದಗಿ, 6 ಸೆಪ್ಟೆಂಬರ್ 1977

ಮಧ್ಯಾಹ್ನದ ಚಹಾ ಬಾಯಿಗಿಡುವ ಹೊತ್ತಿಗೆ ದೇವಣಗಾಂವದಿಂದ ಸುಟ್ಟ ಹುಡುಗಿಯೊಬ್ಬಳನ್ನು ದವಾಖಾನೆಗೆ ತಂದರು. ಹೆಸರು ಚಂದವ್ವ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಗಂಡ ದೂರದಲ್ಲಿ ಮಿಲಿಟರಿಯಲ್ಲಿದ್ದಾನಂತೆ. ಕೊರಳು, ಎದೆ, ಇಡೀ ಎಡಗೈ ಸುಟ್ಟಿದೆ. ಯಾರೋ ಪುಣ್ಯಾತ್ಮರು ದಾರಿಯಲ್ಲಿ ಗಾಯದ ಮೇಲೆ ಬರೆಯುವ ಮಸಿ ಬೇರೆ ಸುರಿದಿದ್ದಾರೆ. ಅದನ್ನು ತೊಳೆಯುವುದರಲ್ಲೇ ನನಗೂ ನರ್ಸ್ ಸಾಬೀರಾಳಿಗೂ ಸಾಕುಸಾಕಾಯಿತು. ಕೊರಳ ಸುತ್ತ ಸೀರೆ ಕರಗಿ ಚರ್ಮಕ್ಕೆ ಮೆತ್ತಿಕೊಂಡಿತ್ತು. ಹಸಿರು ನೈಲಾನು. ನೂಲಿನ ಸೀರೆಗೆ ಉರಿ ಹತ್ತಿದರೆ ಕಿತ್ತು ಬಿಸಾಕಬಹುದು, ಇದು ಬೆಲ್ಲದ ಪಾಕದ ಹಾಗೆ ಹಿಡಿದುಕೊಳ್ಳುತ್ತದೆ. ಚಿಮಟದಿಂದ ಚೂರು ಚೂರೇ ತೆಗೆದೆವು. ಹುಡುಗಿ ಹಲ್ಲು ಕಚ್ಚಿ ಸಹಿಸಿದಳು.

"ಉಳೀತಾಳೇನ್ರಿ ಬಾಯಾರ?" ಎಂದು ಸಾಬೀರಾ ಕೇಳಿದಳು.

"ಉಳೀದ ಏನ ಮಾಡ್ತಾಳ? ಸಾಯಾಕ ನಾ ಬಿಡಬೇಕಲ್ಲ," ಅಂದೆ.

ಬಡಾಯಿಯಲ್ಲ. ಮಿರಜದಲ್ಲಿ ಡಾಕ್ಟರಿಕೆ ಕಲಿಯುವಾಗ ಇದಕ್ಕಿಂತ ಹೆಚ್ಚು ಸುಟ್ಟವರನ್ನು ಎಬ್ಬಿಸಿ ನಡೆಸಿ ಕಳಿಸಿದ್ದೇನೆ.

ಹೊರಗೆ ಅವಳ ಅತ್ತೆ ಶಂಕ್ರೆವ್ವ ಗೋಡೆಗೆ ಒರಗಿ ನಿಂತಿದ್ದಳು. ಎತ್ತರದ, ಗಟ್ಟಿ ಎಲುಬಿನ ಹೆಂಗಸು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. "ನೀರ ಕಾಸಾಕತ್ತಿದ್ಳರಿ, ಸೆರಗಿಗೆ ಉರಿ ಹತ್ತೇತಿ," ಎಂದಷ್ಟೇ ಹೇಳಿದಳು. ಇಂಥ ಅತ್ತೆಯರ ಕಥೆ ನಾನು ಬೇಕಾದಷ್ಟು ಕೇಳಿದ್ದೇನೆ. ಇದು ಇವಳದೇ ಕೆಲಸ. ಮುಖ ನೋಡಿದರೆ ಸಾಕು, ನನಗೆ ತಿಳಿಯುತ್ತದೆ.

10 ಸೆಪ್ಟೆಂಬರ್

ಶನಿವಾರದ ಬಸ್ಸಿಗೆ ಮುದ್ದೇಬಿಹಾಳದಿಂದ ಇವರು, ನಮ್ಮ ಯಜಮಾನರು, ಬಂದರು. ಕೋರ್ಟಿನಲ್ಲಿ ಬಸಂತರಾಯ ವಕೀಲರ ಬಾಯಿಗೆ ಎದುರಿಲ್ಲವಂತೆ. ಮನೆಯಲ್ಲಿ ತಾಯಿಯ ಮುಂದೆ ಆ ಬಾಯಿ ಎಲ್ಲಿಗೆ ಹೋಗುತ್ತದೋ ಕಾಣೆ.

"ಸುಮಿತ್ರಾ, ದೀಪಾವಳಿಗರೆ ಬರ್ತಾಳೇನ ಕೇಳು ಅಂದಾಳ ಅವ್ವ."

ಮುದ್ದೇಬಿಹಾಳದವರ ಸುದ್ದಿ ನನಗೆ ಬೇಡ ಅಂದೆ. ಪಂಚಮಿಗೆ ಹೋದಾಗ ಅಡಿಗೆಮನೆಯ ಹೊಸ್ತಿಲಲ್ಲಿ ಅಡ್ಡ ನಿಂತು, "ಊರವರ ಗಾಯ ಮುಟ್ಟಿದ ಕೈ, ಜಳಕಾ ಮಾಡಿ ಒಳಗ ಬಾ," ಅಂದವರು ಇವರ ತಾಯಿ. ಜಳಕ ಮಾಡಿಯೇ ಬಂದಿದ್ದೆ. ಎರಡನೆಯ ಸಲ ಮಾಡಲಿಲ್ಲ. ಉಣ್ಣದೆ ಬಸ್ಸು ಹತ್ತಿ ಸಿಂದಗಿಗೆ ಬಂದುಬಿಟ್ಟೆ. ಅದರಲ್ಲಿ ನನ್ನ ತಪ್ಪೇನೂ ಇಲ್ಲ.

15 ಸೆಪ್ಟೆಂಬರ್

ಚಂದವ್ವನ ತಂದೆ ಗುರಪ್ಪ, ತಾಯಿ ಲಕ್ಕವ್ವ ಇಂಗಳೇಶ್ವರದಿಂದ ಬಂದು ಇಲ್ಲೇ ಠಾಣ್ಯ ಹೂಡಿದ್ದಾರೆ. ನನ್ನ ತವರು ಬಾಗೇವಾಡಿ, ಇಂಗಳೇಶ್ವರ ಅದರ ಪಕ್ಕದ್ದೇ. ಆ ಕಡೆಯವರ ಗಂಟಲು ನನಗೆ ಹೊಸದಲ್ಲ, ಆದರೂ ಗುರಪ್ಪ ಇವತ್ತು ವಾರ್ಡಿನ ಹೆಂಚು ಹಾರಿಸುವಂತೆ ಕೂಗಿದ. ಶಂಕ್ರೆವ್ವನೇ ಬೆಂಕಿ ಇಟ್ಟಳು ಎಂದು ಅವನ ವಾದ. ಪೊಲೀಸ್ ಫೌಜದಾರರು ಬಂದು ಕೇಳಿದಾಗ ಹುಡುಗಿ, "ಯಾರೂ ಏನೂ ಮಾಡಿಲ್ರಿ, ನಾನ ಒಲಿ ಮುಂದ ಕುಂತಿದ್ದೆ," ಎಂದು ಹೇಳಿಕೆ ಕೊಟ್ಟಳು. ಗುರಪ್ಪ ನಂಬಲಿಲ್ಲ. "ಅತ್ತಿ ಅಂಜಿಕಿಗೆ ಹಂಗಂತಾಳ," ಅಂದ.

ನಾನೂ ಪೂರಾ ನಂಬಿಲ್ಲ. ಆದರೆ ಅದು ಫೌಜದಾರರ ಕೆಲಸ. ನನ್ನ ಕೆಲಸ ಸತ್ತ ಚರ್ಮ ತೆಗೆದು ಕೆಳಗಿನ ನೆಲ ಹಸನು ಮಾಡುವುದು. ಅದು ಚೆನ್ನಾಗಿ ನಡೆದಿದೆ.

ಲಕ್ಕವ್ವ ಮಾತಾಡುವುದಿಲ್ಲ. ಮಗಳ ಕಾಲ ಬಳಿ ಕುಳಿತು ಹಾಲು, ಮೊಟ್ಟೆ ಬಾಯಿಗಿಡುತ್ತಾಳೆ. ಮೊಟ್ಟೆ ಮುಟ್ಟದ ಮನೆಯವಳು, ಮೂಗಿಗೆ ಸೆರಗು ಹಿಡಿದು ತಾನೇ ಸುಲಿದು ಕೊಡುತ್ತಾಳೆ.

22 ಸೆಪ್ಟೆಂಬರ್

ಗಾಯ ಕೆಂಪಗೆ, ಹಸನಾಗಿ ನಿಂತಿದೆ. ಇನ್ನು ಚರ್ಮ ಹಾಕಬೇಕು. ಹುಡುಗಿಯ ತೊಡೆಗಳು ಜೋಳದ ದಂಟಿನಷ್ಟಿವೆ. ಅಲ್ಲಿಂದ ಈಗ ಸಿಗುವ ಚರ್ಮ ಕೊರಳಿಗೆ ಮತ್ತು ಕೈಯ ಮಡಿಕೆಗಳಿಗೆ ಸಾಕಾಗುತ್ತದೆ, ಅಷ್ಟೇ. ಎದೆಗೂ ಎಡತೋಳಿಗೂ ಬೇರೆಯವರ ಚರ್ಮ ಹೊದಿಸುವುದೆಂದು ತೀರ್ಮಾನಿಸಿದೆ. ಅದು ಖಾಯಂ ಅಲ್ಲ. ಮೊದಲು ಅಂಟಿಕೊಂಡು ಹತ್ತುತ್ತದೆ, ಎರಡು ಮೂರು ವಾರ ನಿಲ್ಲುತ್ತದೆ, ಆಮೇಲೆ ಮೈ ಅದನ್ನು ಪರಕೀಯವೆಂದು ಗುರುತಿಸಿ ಹೊರಗೆ ಹಾಕುತ್ತದೆ. ಯಾರದಾದರೂ ಅಷ್ಟೇ. ಅಷ್ಟರಲ್ಲಿ ಇವಳ ತೊಡೆ ತುಂಬಿಕೊಂಡು ಎರಡನೆಯ ಬೆಳೆ ಕೊಡುತ್ತದೆ. ನಡುವೆ ಕೀವು ಹಿಡಿಯಬಾರದು, ಮೈಯ ನೀರು ಸೋರಬಾರದು. ಬೇರೆಯವರ ಚರ್ಮದ ಉಪಯೋಗ ಇದೇ.

ಇಷ್ಟೆಲ್ಲ ಬಿಡಿಸಿ ಹೇಳುತ್ತ ಕುಳಿತರೆ ಯಾರೂ ಕೊಡುವುದಿಲ್ಲ. ಮನೆಯವರಲ್ಲಿ ಇಬ್ಬರು ಬೇಕು ಎಂದು ಮಾತ್ರ ಹೇಳಿದೆ. ಲಕ್ಕವ್ವ ಕೂಡಲೇ ಎದ್ದು ನಿಂತಳು. ಶಂಕ್ರೆವ್ವ ಮಾತ್ರ ಕೇಳಿದಳು.

"ಹತ್ತತೈತೇನ್ರಿ ಬಾಯಾರ, ಖರೆ ಹೇಳ್ರಿ."

"ಹತ್ತತೈತಿ."

ಸುಳ್ಳಲ್ಲ. ಹತ್ತುವುದು ಹತ್ತುತ್ತದೆ. ಊರಿಗೆ ಹೋಗಿ ಬಂದು ಹೇಳುತ್ತೇನೆ ಎಂದು ಹೋದಳು. ತೊಡೆಯ ಚರ್ಮ ಕೊಡಲು ಊರಲ್ಲಿ ಏನು ಕೇಳುವುದಿದೆಯೋ.

27 ಸೆಪ್ಟೆಂಬರ್

ಆಪರೇಷನ್ ಆಯಿತು. ಶಂಕ್ರೆವ್ವನದು ಎದೆಗೆ, ಲಕ್ಕವ್ವನದು ಎಡತೋಳಿಗೆ, ಹುಡುಗಿಯದು ಕೊರಳಿಗೆ, ಕೈಯ ಮಡಿಕೆಗಳಿಗೆ. ನನ್ನ ಕೈ ಇವತ್ತು ನನ್ನ ಮಾತು ಕೇಳಿತು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಬಂತು. ಜಿಲ್ಲೆಯಲ್ಲಿ ಇದಕ್ಕಿಂತ ಚೆನ್ನಾಗಿ ಯಾರು ತೆಗೆಯುತ್ತಾರೋ ತೋರಿಸಲಿ.

2 ಅಕ್ಟೋಬರ್

ಪಟ್ಟಿ ಬಿಚ್ಚಿದೆವು. ಮೂರೂ ಹತ್ತಿವೆ, ಮೂರೂ ಗುಲಾಬಿ ಬಣ್ಣಕ್ಕಿವೆ. ಶಂಕ್ರೆವ್ವನನ್ನು ಒಳಗೆ ಕರೆದು ತೋರಿಸಿದೆ. ಇಷ್ಟು ದಿನ ಒಂದು ಹನಿ ಹಾಕದವಳು ಮಂಚದ ಕಾಲು ಹಿಡಿದು ಕೂತು ಅತ್ತಳು. ಗುರಪ್ಪನ ಮುಖ ಮಾತ್ರ ಬಿಳಿಚಿಕೊಂಡಿತು. ಮಗಳ ಗಾಯ ಮುಚ್ಚಿದರೆ ತಂದೆಗೆ ಯಾಕೆ ಸಂಕಟ ಎಂದು ನನಗೆ ತಿಳಿಯಲಿಲ್ಲ.

ಆಮೇಲೆ ಸಾಬೀರಾ ಹೇಳಿದಳು. ಅವಳ ಅಕ್ಕನನ್ನು ದೇವಣಗಾಂವಕ್ಕೆ ಕೊಟ್ಟಿದೆ, ಅಲ್ಲಿನ ಸುದ್ದಿ ಇವಳಿಗೆ ಬಂದೇ ಬರುತ್ತದೆ. ಹೋದ ವಾರ ಊರ ಹಿರಿಯರು ಕೂಡಿದ್ದರಂತೆ. ಶಂಕ್ರೆವ್ವ ದೇವರ ಗದ್ದಿಗೆ ಮುಟ್ಟಿ ಆಣೆ ಮಾಡಬೇಕೆಂದು ಗುರಪ್ಪ ಪಟ್ಟು ಹಿಡಿದನಂತೆ. ಅದಕ್ಕೆ ಅವಳು, "ಗದ್ದಿಗಿ ಮುಟ್ಟಿ ಯಾರರೆ ಸುಳ್ಳ ಹೇಳಬಹುದು. ನನ್ನ ತೊಗಲ ಹಚ್ಚತೇನಿ. ಸೊಸಿ ಮೈ ಅದನ್ನ ಇಟಗೊಂಡ್ರ ನಾ ಖರೆ. ಉದುರಿದ್ರ ನಿಮ್ಮ ಮಗಳನ್ನ ಕರಕೊಂಡ ಹೋಗ್ರಿ, ನನ್ನ ಫೌಜದಾರಗ ಒಪ್ಪಸ್ರಿ," ಅಂದಳಂತೆ. ಹಿರಿಯರು ಒಪ್ಪಿದರು, ಗುರಪ್ಪನೂ ಒಪ್ಪಿದ.

ನಾನು 'ಹತ್ತತೈತಿ' ಅಂದದ್ದನ್ನು ನೆಚ್ಚಿ ಆಣೆ ಮಾಡಿದ್ದಾಳೆ. ಅದು ಉದುರುವುದು ನಾಳೆ ಸೂರ್ಯ ಮುಳುಗುವಷ್ಟೇ ನಿಶ್ಚಯ. ಅದು ಉದುರಿದ ದಿನ ಗುರಪ್ಪ ಮಗಳನ್ನು ಎತ್ತಿಕೊಂಡು ಹೋಗುತ್ತಾನೆ. ತೆರೆದ ಎದೆ, ಇಂಗಳೇಶ್ವರದ ಧೂಳು, ನೊಣ. ವಾರದೊಳಗೆ ಹುಡುಗಿ ಹೋಗುತ್ತಾಳೆ.

ಚಹಾ ಕುಡಿದ ಮೇಲೆ ತಲೆ ಸರಿಯಾಯಿತು. ತಾಯಿಯ ಚರ್ಮವೂ ಉದುರುತ್ತದಲ್ಲ. ಎರಡೂ ಉದುರಲಿ. ಹಡೆದವಳದೇ ನಿಲ್ಲದಿದ್ದರೆ ಗುರಪ್ಪ ಏನೆಂದಾನು? ಅಲ್ಲಿಯತನಕ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು.

8 ಅಕ್ಟೋಬರ್

ಇಂಡಿ ಊರಿನ ರೋಗಿಯೊಬ್ಬರು ಒಂದು ಚೀಲ ಲಿಂಬೆಹಣ್ಣು ತಂದುಕೊಟ್ಟರು. ಒಳ್ಳೆಯ ಹೊತ್ತಿಗೆ ಬಂತು.

ಚರ್ಮದ ಮೇಲ್ಪದರದಲ್ಲಿ ನಕ್ಷತ್ರದಂತೆ ಕೈಕಾಲು ಚಾಚಿದ ಕೋಶಗಳಿವೆ. ನೂರು ವರ್ಷದ ಹಿಂದೆ ಜರ್ಮನಿಯ ವೈದ್ಯ ವಿದ್ಯಾರ್ಥಿಯೊಬ್ಬ ಬಂಗಾರದ ದ್ರಾವಣ ಹಾಕಿ ಅವನ್ನು ಕಂಡ, ನರಗಳೆಂದು ತಿಳಿದ. ಈಗ ಟಪಾಲಿನಲ್ಲಿ ಬರುವ ಪತ್ರಿಕೆಗಳಲ್ಲಿ ದೊಡ್ಡ ಜಗಳ ನಡೆದಿದೆ. ಅವು ಚರ್ಮದವೇ ಅಲ್ಲ, ರಕ್ತದ ಬಿಳಿಕಣಗಳ ಬಳಗದವು, ಎಲುಬಿನ ಮಜ್ಜೆಯಲ್ಲಿ ಹುಟ್ಟಿ ಚರ್ಮಕ್ಕೆ ಬಂದು ಕಾವಲು ಕೂರುತ್ತವೆ ಎಂದು ಕೆಲವರ ಗುಮಾನಿ. ಹಾಗಾದರೆ ಒಬ್ಬರ ಚರ್ಮವನ್ನು ಇನ್ನೊಬ್ಬರಿಗೆ ಹಾಕಿದಾಗ ಅದರಲ್ಲಿರುವ ಕಾವಲುಗಾರರು ಯಾರವರು? ಕೊಟ್ಟವರವರೋ, ಪಡೆದವರ ಎಲುಬಿನಿಂದ ಹೊಸದಾಗಿ ಬಂದವರೋ? ನನ್ನ ಹತ್ತಿರ ಇಬ್ಬರು ಕೊಟ್ಟವರಿದ್ದಾರೆ. ನೋಡದೆ ಬಿಡಲು ಆಗುತ್ತದೆಯೇ.

ಬಂಗಾರಕ್ಕೆ ನನ್ನ ಬೋರಮಾಳ ಸರದ ಒಡೆದ ಗುಂಡೊಂದಿತ್ತು. ಅಕ್ಕಸಾಲಿ ಪತ್ತಾರ ಎರಡು ಬಗೆಯ ಆಮ್ಲದ ತೇಜಾಬು ಕೂಡಿಸಿ ಅದರಲ್ಲಿ ಕರಗಿಸಿಕೊಟ್ಟ. "ಎಲ್ಲಾರೂ ಬಂಗಾರ ಮಾಡಸಾಕ ಬರ್ತಾರ, ನೀವು ಕರಗಸಾಕ ಬಂದೀರಿ," ಎಂದು ನಕ್ಕ. ಪಟ್ಟಿ ಬದಲಿಸುವಾಗ ಇಬ್ಬರ ಚರ್ಮದ ಅಂಚುಗಳಿಂದಲೂ ಎಳ್ಳಿನಷ್ಟು ಚೂರು ಕತ್ತರಿಸಿ ಲಿಂಬೆರಸದಲ್ಲಿ ನೆನೆಸಿ, ಆಮೇಲೆ ಬಂಗಾರದಲ್ಲಿ ಇಟ್ಟಿದ್ದೇನೆ.

ಇವರು ಬಂದಿದ್ದರು. ಬೋರಮಾಳದ ಸಂಗತಿ ತಾಯಿಗೆ ಹೇಳಬೇಡಿ ಎಂದು ತಾಕೀತು ಮಾಡಿದೆ. ಆ ಬೋರಮಾಳ ಮದುವೆಯಲ್ಲಿ ಇವರ ತಾಯಿ ಹಾಕಿದ್ದು.

13 ಅಕ್ಟೋಬರ್

ಎಡತೋಳಿನ ಪಟ್ಟಿ ಬಿಚ್ಚಿದೆ. ಲಕ್ಕವ್ವನ ಚರ್ಮ ಕಪ್ಪಾಗಿ, ನೆನೆದ ಕಾಗದದ ಹಾಗೆ ಜಾರಿ ಬಂತು. ಎದೆಯ ಮೇಲೆ ಶಂಕ್ರೆವ್ವನದು ಇನ್ನೂ ಕೆಂಪಗೆ ನಿಂತಿದೆ. ಹಡೆದವಳದು ಮೊದಲು ಬಿದ್ದಿತು. ನಾನು ಬಯಸಿದ್ದಕ್ಕಿಂತ ಚೆನ್ನಾಯಿತು. ಗುರಪ್ಪನನ್ನು ಕರೆದು ತೋರಿಸಿದೆ.

"ನೋಡ್ರಿ ಗುರಪ್ಪ, ಹಡದಾಕಿ ತೊಗಲೂ ಉದುರತೈತಿ. ಈಗೇನಂತೀರಿ?"

ಅವನು ಹೆಂಡತಿಯ ಮುಖ ನೋಡಿ ಹೊರಗೆ ಹೋದ. ಕೇಸು ಗೆದ್ದೆ. ಬಸಂತರಾಯ ವಕೀಲರು ಇರಬೇಕಿತ್ತು.

14 ಅಕ್ಟೋಬರ್

ಗೆದ್ದಿಲ್ಲ.

ಬೆಳಿಗ್ಗೆ ವಾರ್ಡಿಗೆ ಹೋದರೆ ಚಂದವ್ವ ಹಾಲು ಮುಟ್ಟಿಲ್ಲ. "ನಮ್ಮವ್ವ ಎಲ್ಲಿ?" ಎಂದು ಒಂದೇ ಹಟ. ಲಕ್ಕವ್ವ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಿದ್ದಳು. ನಿನ್ನೆಯಿಂದ ಉಂಡಿಲ್ಲವಂತೆ.

"ನಾ ಒಳಗ ಬರಂಗಿಲ್ರಿ ಬಾಯಾರ. ನನ್ನ ಪಾಪ ಹೊರಗ ಬಿತ್ತು."

"ಯಾವ ಪಾಪ?"

"ಆ ಹಸರ ಸೀರಿ ನಾನ ಕೊಟ್ಟಿದ್ದೆ, ಪಂಚಮಿಗೆ. ಬೀಗತಿ ಬ್ಯಾಡಂದಿದ್ಳು. ಒಲಿ ಮುಂದ ನೂಲಿನ ಸೀರಿನ ಇರಬೇಕು, ಇದು ಛಲೋ ಅಲ್ಲ ಅಂದಿದ್ಳು. ನಮ್ಮ ಸೀರಿ ಕಂಡು ಹೊಟ್ಟಿಕಿಚ್ಚು ಆಕಿಗಂತ ನಾ ತಿಳಕೊಂಡೆ. ತವರ ಸೀರಿ, ದಿನಾ ಉಟ್ಕೋ, ನಿಮ್ಮತ್ತಿ ಮುಂದ ಉಟಗೊಂಡ ಅಡ್ಡಾಡು ಅಂತ ಮಗಳಿಗೆ ಹೇಳಿ ಕಳಿಸಿದೆ. ಆಕಿ ಮೈಗೆ ಎಲ್ಲಾ ಗೊತ್ತೈತ್ರಿ. ಅದಕ್ಕ ಅತ್ತಿದು ಇಟಗೊಂಡು ನಂದು ಒಗೀತು."

ನಾನು ಅವಳ ಪಕ್ಕ ನೆಲದ ಮೇಲೇ ಕುಳಿತೆ. ತೊಗಲಿಗೆ ಪಾಪ ಪುಣ್ಯ ತಿಳಿಯುವುದಿಲ್ಲ ಎಂದೆ. ಶಂಕ್ರೆವ್ವನದೂ ಬೀಳುತ್ತದೆ ಎಂದೆ. ಮದುವೆಗೆ ಹೆಣ್ಣಿನ ಜೊತೆ ಬೀಗರ ದಂಡು ಬರುತ್ತದಲ್ಲ, ಹಾಗೆ ತೊಗಲಿನ ಜೊತೆ ಅದರ ಕಾವಲಿನವರೂ ಬರುತ್ತಾರೆ, ಅವರು ಈ ಮನೆಯವರ ಕಣ್ಣಿಗೆ ಬಿದ್ದು ಜಗಳ ಹತ್ತುತ್ತದೆ, ತೊಗಲು ಪಾಪ, ನಡುವೆ ಸಿಕ್ಕು ಸಾಯುತ್ತದೆ ಎಂದು ತಿಳಿಯುವ ಹಾಗೆ ಹೇಳಿದೆ. ಎಲ್ಲ ಕೇಳಿಸಿಕೊಂಡಳು.

"ನೀವು ಹತ್ತತೈತಿ ಅಂದಿದ್ರಿ," ಅಂದಳು.

ನಿನ್ನೆ ನಾನು ಗುರಪ್ಪನಿಗೆ ಹೊಡೆದ ಏಟು ಇವಳಿಗೆ ಬಿದ್ದಿದೆ. ಆ ಮನುಷ್ಯನೋ ಈಗ ಹೊಸ ರಾಗ ತೆಗೆದಿದ್ದಾನೆ. ಈ ದವಾಖಾನೆಯ ಕೈಗುಣ ಸರಿಯಿಲ್ಲ, ನಾಡಿದ್ದು ಮಗಳನ್ನು ಒಯ್ಯುತ್ತೇನೆ ಎನ್ನುತ್ತಾನೆ. ಚಂದವ್ವನಿಗೆ ಮಧ್ಯಾಹ್ನ ಹಾಲು ಕುಡಿಸಿದವಳು ಶಂಕ್ರೆವ್ವ. ಆಮೇಲೆ ಅವಳೇ ರೊಟ್ಟಿ ಕಟ್ಟಿಕೊಂಡು ಬೇವಿನ ಗಿಡದ ಕೆಳಗೆ ಹೋದಳು. ಈ ಹೆಂಗಸು ಸೊಸೆಗೆ ಬೆಂಕಿ ಇಟ್ಟಿರಲಾರಳು ಎಂದು ನನಗೆ ಮೊದಲ ದಿನವೇ ಅನಿಸಿತ್ತು.

16 ಅಕ್ಟೋಬರ್

ಎಡತೋಳಿನ ಗಾಯ ತೆರೆದು ಬಿದ್ದಿದೆ, ಮುಚ್ಚಲೇಬೇಕು. ಹುಡುಗಿಯ ತೊಡೆ ಇನ್ನೂ ಹಸಿ. ನನ್ನ ತೋಳಿನಿಂದ ತೆಗೆ ಎಂದು ಸಾಬೀರಾಳಿಗೆ ಹೇಳಿದೆ.

"ಹುಚ್ಚ ಹಿಡದೈತೇನ್ರಿ ನಿಮಗ?"

"ಹಿಡದೈತಿ. ಬ್ಲೇಡ್ ತಗೋ."

ಸೂಜಿ ಚುಚ್ಚಿ ಮರಗಟ್ಟಿಸಿಕೊಂಡೆ. ಎಡದ ರಟ್ಟೆಯಿಂದ ಎರಡು ಕಡ್ಡಿಪೆಟ್ಟಿಗೆಯಷ್ಟು ತೆಗೆದಳು. ತೆಗೆಯುವಷ್ಟು ಹೊತ್ತೂ ನನ್ನ ಬಾಯಿ ನಿಲ್ಲಲಿಲ್ಲ. ಚರ್ಮ ದಪ್ಪಗೆ ಬಂತು. ನಾನಾಗಿದ್ದರೆ ತೆಳ್ಳಗೆ ತೆಗೆಯುತ್ತಿದ್ದೆ. ಹುಡುಗಿಯ ತೋಳಿನ ತೀರ ಹಸಿ ಜಾಗಕ್ಕೆ ಹಾಕುವ ಮೊದಲು ಗುರಪ್ಪನನ್ನೂ ದೇವಣಗಾಂವದಿಂದ ಬಂದಿದ್ದ ಇಬ್ಬರು ಹಿರಿಯರನ್ನೂ ಬಾಗಿಲಲ್ಲಿ ನಿಲ್ಲಿಸಿದೆ.

"ಇದು ನನ್ನ ತೊಗಲ. ಮೊದಲ ಹತ್ತತೈತಿ, ಆಮ್ಯಾಲ ಉದುರತೈತಿ. ಶಂಕ್ರೆವ್ವಂದು ಈ ವಾರದಾಗ ಉದುರತೈತಿ, ನಂದು ಅದರ ಹಿಂದ. ಮೊದಲ ಹೇಳೇನಿ, ಆಮ್ಯಾಲ ಹೇಳಲಿಲ್ಲ ಅನಬ್ಯಾಡ್ರಿ. ನಂದು ಉದುರದ ನಿಂತ್ರ ಮಗಳನ್ನ ಎಲ್ಲಿ ಬೇಕಲ್ಲಿ ಒಯ್ರಿ. ಅಲ್ಲೀತನಕಾ ಆಕಿ ಮಂಚ ಮುಟ್ಟಬ್ಯಾಡ್ರಿ."

"ನಿಮ್ಮದ್ಯಾಕ ಉದುರತೈತ್ರಿ? ನೀವೇನ ಮಾಡೀರಿ?" ಎಂದು ಗುರಪ್ಪ ಕೇಳಿದ.

"ಅದನ್ನ ಹೇಳಾಕತ್ತೇನಿ. ಏನೂ ಮಾಡಿಲ್ಲ, ಆದರೂ ಉದುರತೈತಿ."

ಹಿರಿಯರು ಮುಖ ಮುಖ ನೋಡಿಕೊಂಡು ಆಗಲಿ ಅಂದರು. ಗುರಪ್ಪ ತಲೆಯಾಡಿಸಿದ.

19 ಅಕ್ಟೋಬರ್

ಶಂಕ್ರೆವ್ವನದು ಬಿತ್ತು. ಅವಳನ್ನು ನಾನೇ ಕರೆದು ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ.

"ನಾ ಖರೆ ಅಂತ ನನಗ ಗೊತ್ತೈತ್ರಿ," ಅಂದಳು. "ತೊಗಲಿಗೆ ಗೊತ್ತಿಲ್ಲೋ ಏನೋ."

ಮಿರಜದ ನಮ್ಮ ಪ್ರೊಫೆಸರು ಒಂದು ಇಡೀ ವರ್ಷ ಪಾಠ ಮಾಡಿದರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

23 ಅಕ್ಟೋಬರ್

ನಿನ್ನೆ ಇವರು ಬನ್ನಿ ತಂದಿದ್ದರು. ಇವರ ತಾಯಿ ಇಂದ್ರಾಬಾಯಿಯವರು ಕಳಿಸಿದ್ದು. ಸೊಸೆಗೆ ಬಂಗಾರ ಕೊಟ್ಟು ಬಾ ಎಂದು ಹಬ್ಬದ ಬನ್ನಿಯ ಎಲೆಯನ್ನು ಕರವಸ್ತ್ರದಲ್ಲಿ ಕಟ್ಟಿದ್ದರಂತೆ. ಬೋರಮಾಳದ ಗುಂಡು ಕರಗಿಸಿದ್ದು ಅವರಿಗೆ ಗೊತ್ತಾಗಿದೆಯೋ ಏನೋ. ಎಲೆಗಳನ್ನು ಸೂಕ್ಷ್ಮದರ್ಶಕದ ಪೆಟ್ಟಿಗೆಯಲ್ಲಿ ಇಟ್ಟೆ.

ಇವತ್ತು ಬಂಗಾರದ ಬಣ್ಣ ಹಿಡಿದ ಚೂರುಗಳನ್ನು ನೋಡಿದೆ. ಕಂಡವು. ನೇರಳೆ ಹಿನ್ನೆಲೆಯಲ್ಲಿ ಕಪ್ಪು ನಕ್ಷತ್ರಗಳು, ಸಾಲು ಸಾಲು. ಕುರ್ಚಿಯಿಂದ ಎದ್ದು ಒಬ್ಬಳೇ ನಕ್ಕುಬಿಟ್ಟೆ. ಶಂಕ್ರೆವ್ವ ಲಕ್ಕವ್ವನನ್ನು ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ಇಬ್ಬರಿಗೂ ಒಂದು ಕಣ್ಣು ಮುಚ್ಚಿ ನೋಡುವುದನ್ನು ಕಲಿಸುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು.

"ನೆಗ್ಗಿಲ ಮುಳ್ಳ ಇದ್ದಂಗ ಅದಾವ," ಎಂದಳು ಶಂಕ್ರೆವ್ವ. "ಇವು ಯಾರವ್ರಿ?"

"ಒಂದು ನಿಮ್ಮ ತೊಗಲಿಂದು, ಒಂದು ಲಕ್ಕವ್ವಂದು. ಯಾವುದು ಯಾರದಂತ ನೀವ ಹೇಳ್ರಿ."

ಇಬ್ಬರೂ ಬಹಳ ಹೊತ್ತು ನೋಡಿದರು. ಹೇಳಲಾಗಲಿಲ್ಲ. ಕಾಗದದ ಚೀಟಿ ನೋಡದಿದ್ದರೆ ನನಗೂ ಹೇಳಲಾಗದು. ಮತ್ತೆ ಅವು ಇವರ ಜೊತೆ ಬಂದವೋ, ಚಂದವ್ವನ ಎಲುಬಿನಲ್ಲಿ ಹುಟ್ಟಿ ಬಂದು ಈ ಪರಕೀಯ ಚರ್ಮದಲ್ಲಿ ಮನೆ ಮಾಡಿದವೋ, ಅದು ಇನ್ನೂ ಯಾರಿಗೂ ಗೊತ್ತಿಲ್ಲ. ಗುರುತು ಹಚ್ಚುವ ದಾರಿ ಯಾರಾದರೂ ಕಂಡುಹಿಡಿಯುತ್ತಾರೆ. ನಾನು ಎಲುಬಿನ ಕಡೆಯವಳು.

ಲಕ್ಕವ್ವ ಕಣ್ಣು ಒರೆಸಿಕೊಂಡು, "ಎರಡೂ ಒಂದ ನಮೂನಿ ಅದಾವ, ಆದರ ನಂದ ಮೊದಲ ಬಿತ್ತಲ್ರಿ," ಎಂದು ಮತ್ತೆ ಬೇವಿನ ಗಿಡದ ಕೆಳಗೆ ಹೋದಳು.

29 ಅಕ್ಟೋಬರ್

ಎರಡನೆಯ ಬೆಳೆ ಬಂತು. ಚಂದವ್ವನ ತೊಡೆಯಿಂದಲೇ ತೆಗೆದು ಎದೆ, ತೋಳು ಎಲ್ಲ ಮುಚ್ಚಿದೆ, ನನ್ನ ಎರಡು ಕಡ್ಡಿಪೆಟ್ಟಿಗೆ ಜಾಗ ಒಂದು ಬಿಟ್ಟು. ಇನ್ನು ಊಟ ಮಾಡಬೇಕು, ಹತ್ತಬೇಕು. ತಾಯಿ ಬಂದರೆ ಉಣ್ಣುತ್ತೇನೆ ಎನ್ನುತ್ತಾಳೆ. ನನ್ನದು ಉದುರಿದರೆ ತಾಯಿ ಬರುತ್ತಾಳೆ. ನನ್ನದು ಉದುರಿಲ್ಲ.

1 ನವೆಂಬರ್

ಉದುರಿಲ್ಲ.

2 ನವೆಂಬರ್

ಗುಲಾಬಿ ಬಣ್ಣಕ್ಕೆ, ತುಂಬು ಆರೋಗ್ಯದಿಂದ ಕುಳಿತಿದೆ. ಎರಡು ಸಲ ಜಗಳಾಡಿದ ಮೈ, ಮೂರನೆಯದಕ್ಕೆ ತ್ರಾಣ ಉಳಿದಿಲ್ಲವೇನೋ. ಸುದ್ದಿ ಪೇಟೆಯಲ್ಲಿ ಹರಡಿದೆ. ಬಾಯಾರ ತೊಗಲು ನಿಂತೈತಿ, ಬಾಯಾರು ಶುದ್ಧ. ಇವತ್ತು ಕೆಮ್ಮಿಗೆ ಔಷಧಿ ಕೇಳಲು ಬಂದ ಮುದುಕಿ ನನ್ನ ಕಾಲು ಮುಟ್ಟಿದಳು. ಬೈದು ಎಬ್ಬಿಸಿದೆ. ನಾನು ಶುದ್ಧಳಾದರೆ ಆ ಇಬ್ಬರು ಏನಾದರು?

ಲಕ್ಕವ್ವ ದೂರದಿಂದ ನನ್ನನ್ನು ನೋಡುತ್ತಾಳೆ, ಮುಖ ಕೆಳಗೆ ಹಾಕುತ್ತಾಳೆ. ಗುರಪ್ಪ ಗಾಡಿ ಗೊತ್ತು ಮಾಡಿದ್ದಾನಂತೆ. ಮಾತು ಕೊಟ್ಟವಳು ನಾನು, ತಡೆಯುವಂತಿಲ್ಲ.

"ಒಂದೀಟ ಚಿಮಟಾ ಹಚ್ಚಿ ಎಳದ್ರ?" ಎಂದು ಸಾಬೀರಾ ಪಿಸುಗುಟ್ಟಿದಳು.

ಒಂದು ಗಳಿಗೆ ನನ್ನ ಕೈ ಚಿಮಟದ ಕಡೆ ಹೋಯಿತು. ಎಳೆದು ಬೀಳಿಸಿದ್ದಕ್ಕೆ ಉದುರಿದ್ದು ಎಂದು ಹೇಳಲಾರೆ. ಟ್ರೇ ಆಚೆ ತಳ್ಳಿದೆ.

ಊರವರಿಗೆಲ್ಲ ಪಟ್ಟಿ ಬದಲಿಸಿಕೊಳ್ಳಿ ಎಂದು ಬೈಯುವ ನಾನು ನನ್ನ ರಟ್ಟೆಯ ಗಾಯ ಕೀವು ಮಾಡಿಕೊಂಡಿದ್ದೇನೆ. ಯಾರಿಗೂ ಹೇಳುವಂತಿಲ್ಲ. ಚರ್ಮಕ್ಕೂ ನನ್ನಷ್ಟೇ ಹಟ.

6 ನವೆಂಬರ್

ಬಿತ್ತು.

ಅಂಚು ಕಪ್ಪಾಗಿದ್ದು ನಿನ್ನೆ ಸಂಜೆಯೇ ಕಂಡಿತ್ತು, ಬರೆದರೆ ನಿಂತುಬಿಟ್ಟೀತು ಎಂದು ಬರೆಯಲಿಲ್ಲ. ಇವತ್ತು ಪಟ್ಟಿಯ ಜೊತೆ ತಾನಾಗಿಯೇ ಎದ್ದು ಬಂತು. ಟ್ರೇಯಲ್ಲಿ ಹಾಕಿಕೊಂಡು ಬೇವಿನ ಗಿಡದ ಕೆಳಗೆ ಹೋದೆ. ಸಾಬೀರಾ ಹಿಂದೆ, ಶಂಕ್ರೆವ್ವ ಅವಳ ಹಿಂದೆ.

"ಲಕ್ಕವ್ವ, ನೋಡ್ರಿ. ಇದು ನಂದು."

ಅವಳು ಬೆರಳಿನಿಂದ ಅದನ್ನು ಮುಟ್ಟಿದಳು. ನನ್ನ ಮುಖ ನೋಡಿದಳು. ಮತ್ತೆ ಅದನ್ನು ನೋಡಿದಳು.

"ನಿಮ್ಮದೂ ಬಿತ್ತೇನ್ರಿ," ಅಂದಳು. ಇಷ್ಟು ದಿನದ ಮೇಲೆ ಅವಳ ಧ್ವನಿ ಸಲೀಸಾಗಿ ಹೊರಟಿತು.

ಗಾಡಿ ಹೂಡಲು ಬಂದಿದ್ದ ಗುರಪ್ಪ ಮೀಸೆಯ ಮೇಲೆ ಕೈಯಿಟ್ಟು ಯೋಚಿಸಿ, "ಅಲ್ರಿ ಬಾಯಾರ, ನೀವೇನ ತಪ್ಪ ಮಾಡಿದ್ರಿ?" ಎಂದು ಕೇಳಿದ. ತಮಾಷೆಯೋ, ನಿಜವೋ, ಆ ಮನುಷ್ಯನ ವಿಷಯದಲ್ಲಿ ಹೇಳುವುದು ಕಷ್ಟ.

"ಪಂಚಮಿಗೆ ಅತ್ತಿ ಮನ್ಯಾಗ ಉಣ್ಣದ ಎದ್ದ ಬಂದಿದ್ದೆ," ಅಂದೆ.

ಶಂಕ್ರೆವ್ವ ನಕ್ಕಳು. ಅವಳಿಗೆ ನಗಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಬೀಗತಿಯ ಕೈ ಹಿಡಿದು ಎಬ್ಬಿಸಿದಳು.

"ಏಳು. ಕೂಸು ಉಣವಲ್ದು. ಮುಂದಿನ ಪಂಚಮಿಗೆ ನೂಲಿನ ಸೀರಿ ತಗೊಂಬಾ. ಹಸರನ ಇರಲಿ."

ಲಕ್ಕವ್ವ ಮೂಗಿಗೆ ಸೆರಗು ಹಿಡಿದು ಮೊಟ್ಟೆ ಸುಲಿಯುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಚಂದವ್ವ ಎರಡು ತಿಂದಳು. ಮೈಮೇಲೆ ಈಗ ಇರುವುದೆಲ್ಲ ಅವಳ ಸ್ವಂತದ್ದು, ನನ್ನ ಚರ್ಮ ಕುಳಿತಿದ್ದ ಜಾಗಕ್ಕೂ ಅಂಚಿನಿಂದ ಅವಳದೇ ಹರಿದು ಬರುತ್ತಿದೆ. ಗುರಪ್ಪ ಗಾಡಿಯವನನ್ನು ಕಳಿಸಿಬಿಟ್ಟ. ದೇವಣಗಾಂವದ ಹಿರಿಯರಿಗೆ ತಾನೇ ಹೋಗಿ ಹೇಳುತ್ತಾನಂತೆ, ಆಣೆ ಮುಗಿಯಿತು ಎಂದು. ಶಂಕ್ರೆವ್ವನಿಗೂ ಅವನೇ ಚಹಾ ತಂದುಕೊಟ್ಟ. ಅಷ್ಟಕ್ಕೇ ಬಿಡಲಿ, ಕಾಲು ಬೀಳುವ ಜಾತಿಯಲ್ಲ ಅವನದು.

11 ನವೆಂಬರ್, ಮುದ್ದೇಬಿಹಾಳ

ನಿನ್ನೆ ಸಂಜೆಯ ಬಸ್ಸಿಗೆ ಬಂದೆ. ಸಿಂದಗಿಯಲ್ಲಿ ಎರಡು ದಿನ ಸಾಬೀರಾ ನೋಡಿಕೊಳ್ಳುತ್ತಾಳೆ. ಇಲ್ಲಿ ಬಹಳ ಕೆಲಸವಿದೆ ಎಂದು ಬಂದದ್ದಲ್ಲ, ಹಬ್ಬಕ್ಕೆ ಬಸ್ಸು ಖಾಲಿ ಇತ್ತು.

ಬೆಳಿಗ್ಗೆ ಎಣ್ಣೆ ಹಚ್ಚಲು ಕುಳಿತಾಗ ಅತ್ತೆ ರಟ್ಟೆಯ ಪಟ್ಟಿ ನೋಡಿದರು. ಹಾಗೇ ಬಿಚ್ಚಿದರು. ಕೀವು ನೋಡಿ ನಾಲಿಗೆ ಲೊಚಗುಟ್ಟಿದರು. ಬಿಸಿನೀರು ತಂದು, ಹಳೆಯ ಸೀರೆಯ ತುಂಡು ಹರಿದು, ತಾವೇ ಒರೆಸಿದರು. ತೊಗಲು ಕೊಟ್ಟ ಸುದ್ದಿ ಇವರು ಹೇಳಿದ್ದಿರಬೇಕು, ಒರೆಸುತ್ತ ಒರೆಸುತ್ತ ಕೇಳಿದರು.

"ಯಾರಿಗೆ ಕೊಟ್ಟಿ?"

ಹೇಳಿದೆ.

"ಹತ್ತಿತೇನು?"

"ಇಲ್ರಿ. ಉದುರಿತು."

"ಉದುರತೈತಿ ಅಂತ ಗೊತ್ತಿತ್ತೇನ?"

"ಗೊತ್ತಿತ್ರಿ."

"ಮತ್ಯಾಕ ಕೊಟ್ಟಿ?"

"ಆಕಿದು ಆಕಿಗೆ ಬರೋತನಕಾ ಹಿಡೀತಲ್ರಿ, ಅತ್ತಿ."

ಅವರು ಪಟ್ಟಿ ಕಟ್ಟಿದರು. ಗಂಟು ತಪ್ಪು ಜಾಗದಲ್ಲಿ ಬಿತ್ತು, ನಾನು ಸರಿಪಡಿಸಲು ಹೋಗಲಿಲ್ಲ. ಕಟ್ಟಿ ಮುಗಿಸಿದವರೇ ಎದ್ದು, ಅದೇ ಕೈಯಲ್ಲಿ, ನೇರವಾಗಿ ಅಡಿಗೆಮನೆಯ ಹೊಸ್ತಿಲು ದಾಟಿ ಹಬ್ಬದ ಸಿಹಿ ಕರಚಿಕಾಯಿ ಕರಿಯಲು ಕುಳಿತರು. ಕೈ ತೊಳೆದುಕೊಳ್ಳಿರಿ ಎಂದು ಡಾಕ್ಟರಾಗಿ ನಾನು ಹೇಳಬೇಕಿತ್ತು. ಹೇಳಲಿಲ್ಲ. ಒಳಗೆ ಹೋಗಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, ಬಿಸಿ ಇರುವಾಗಲೇ ಮೂರು ತಿಂದೆ.